ಮಂಡಿ ಆಪರೇಷನ್‌ಗೆ ಮೊದಲಿನ ಆರು ವಾರ: ಮನೆಯಲ್ಲೇ ಕಾಲು ಗಟ್ಟಿ ಮಾಡಿಕೊಳ್ಳುವ ಸಮಗ್ರ ಮಾರ್ಗದರ್ಶಿ

ಮಂಡಿ ಬದಲಾವಣೆಯ ದಿನಾಂಕ ಗೊತ್ತಾಯಿತು ಅಂದರೆ ಮನೆಯಲ್ಲಿ ಎರಡು ಕೆಲಸ ಶುರುವಾಗುತ್ತವೆ. ಒಂದು, ದುಡ್ಡು ಹೊಂದಿಸುವುದು. ಇನ್ನೊಂದು, ‘ಹೇಗೂ ಆಪರೇಷನ್ ಆಗುತ್ತಲ್ಲ, ಅಲ್ಲಿವರೆಗೆ ಕಾಲಿಗೆ ರೆಸ್ಟ್ ಕೊಡು’ ಎಂದು ಅಮ್ಮನನ್ನೋ ಅಪ್ಪನನ್ನೋ ಮಂಚದ ಮೇಲೆ ಕೂರಿಸುವುದು. ಈ ಎರಡನೆಯದು ಪ್ರೀತಿಯಿಂದಲೇ ಮಾಡುವ ತಪ್ಪು. ಸರ್ಜನ್ ಬದಲಾಯಿಸುವುದು ಸವೆದ ಮೂಳೆಯ ತುದಿಗಳನ್ನು. ಹೊಸ ಮಂಡಿಯನ್ನು ಎತ್ತಿ ಇಡಬೇಕಾದ ತೊಡೆಯ ಸ್ನಾಯು ಮಾತ್ರ ಹಳೆಯದೇ. ಅದು ಯಾವ ಸ್ಥಿತಿಯಲ್ಲಿ ಥಿಯೇಟರ್ ಒಳಗೆ ಹೋಗುತ್ತದೋ ಅದಕ್ಕಿಂತ ಸೊರಗಿದ ಸ್ಥಿತಿಯಲ್ಲೇ ಹೊರಗೆ ಬರುತ್ತದೆ.

ಮೊದಲೇ ಕಾಲನ್ನು ಸಜ್ಜು ಮಾಡುವ ಈ ಕ್ರಮಕ್ಕೆ ಫಿಸಿಯೋಗಳು ‘ಪ್ರಿಹ್ಯಾಬ್’ ಎನ್ನುತ್ತಾರೆ. ಆರು ವಾರ ಸಿಕ್ಕರೆ ಒಳ್ಳೆಯದು, ನಾಲ್ಕು ಸಿಕ್ಕರೂ ಆದೀತು. ಎರಡೇ ವಾರ ಇದ್ದರೆ ಬಲ ಹೆಚ್ಚು ಕೂಡುವುದಿಲ್ಲ, ಆದರೆ ಮಂಡಿ ನೇರ ಮಾಡುವುದು, ವಾಕರ್ ಹಿಡಿಯುವುದು, ಮೆಟ್ಟಿಲು ಹತ್ತುವುದು ಇಷ್ಟನ್ನು ಕಲಿಯಲು ಅದು ಧಾರಾಳ ಸಾಕು.

ಯಾಕೆ ಇಷ್ಟು ಒತ್ತಾಯ

ಮಂಡಿಯನ್ನು ನೇರ ಮಾಡುವುದು ತೊಡೆಯ ಮುಂಭಾಗದ ಕ್ವಾಡ್ರಿಸೆಪ್ಸ್ ಸ್ನಾಯು. ಕುರ್ಚಿಯಿಂದ ಏಳುವಾಗ, ಮೆಟ್ಟಿಲು ಇಳಿಯುವಾಗ, ಕಾಲು ಕುಸಿಯದಂತೆ ಹಿಡಿಯುವುದು ಅದೇ. ಮಂಡಿ ಸವೆದವರಲ್ಲಿ ಈ ಸ್ನಾಯು ಮೊದಲೇ ಬಡವಾಗಿರುತ್ತದೆ: ನೋವಿಗೆ ಹೆದರಿ ಆ ಕಾಲಿನ ಮೇಲೆ ಭಾರ ಹಾಕುವುದನ್ನು ವರ್ಷಗಟ್ಟಲೆ ತಪ್ಪಿಸಿರುತ್ತಾರೆ. ಅದರ ಮೇಲೆ ಆಪರೇಷನ್. ಕೀಲಿನ ಊತದಿಂದಾಗಿ ಬೆನ್ನುಹುರಿಯ ಮಟ್ಟದಲ್ಲೇ ಈ ಸ್ನಾಯುವಿಗೆ ಹೋಗುವ ಆದೇಶ ಅರ್ಧಕ್ಕೆ ಕಟ್ ಆಗುತ್ತದೆ. ಸ್ನಾಯು ಅಲ್ಲೇ ಇರುತ್ತದೆ, ಕರೆಂಟ್ ಬರುವುದಿಲ್ಲ. ಆಪರೇಷನ್ ಆದ ಒಂದು ತಿಂಗಳಿಗೆ ಅಳೆದರೆ ಆ ಕಾಲಿನ ಕ್ವಾಡ್ರಿಸೆಪ್ಸ್ ಬಲ ಮೊದಲಿದ್ದದ್ದರ ಅರ್ಧಕ್ಕಿಂತಲೂ ಕೆಳಗಿಳಿದಿರುವುದು ಸಾಮಾನ್ಯ.

ಹಾಗಾಗಿ ಲೆಕ್ಕ ಸರಳ. ಇಂದು ಕೈ ಊರದೆ ಕುರ್ಚಿಯಿಂದ ಹನ್ನೆರಡು ಸಲ ಏಳಬಲ್ಲವರಿಗೆ ಅರ್ಧ ಹೋದರೂ ಬಾತ್‌ರೂಮಿಗೆ ಹೋಗಿಬರುವಷ್ಟು ಉಳಿಯುತ್ತದೆ. ಇಂದೇ ಎರಡು ಸಲ ಏಳಲು ತಿಣುಕುವವರಿಗೆ ಏನು ಉಳಿದೀತು?

ಒಂದು ಮಾತು ಮುಚ್ಚಿಡಬಾರದು. ಪ್ರಿಹ್ಯಾಬ್‌ನ ಲಾಭ ಎದ್ದು ಕಾಣುವುದು ಮೊದಲ ಕೆಲವು ವಾರಗಳಲ್ಲಿ, ಬೇಗ ಎದ್ದು ಓಡಾಡುವುದರಲ್ಲಿ ಮತ್ತು ಕಡಿಮೆ ಪರಾವಲಂಬನೆಯಲ್ಲಿ. ವರ್ಷ ಕಳೆದ ಮೇಲೆ ಮಾಡಿದವರಿಗೂ ಮಾಡದವರಿಗೂ ಅಂತರ ಬಹಳ ಕಿರಿದಾಗುತ್ತದೆ. ಆದರೆ ಎಪ್ಪತ್ತರ ವಯಸ್ಸಿನಲ್ಲಿ ಬೀಳುವ ಭಯ, ಎದೆಯಲ್ಲಿ ಕಫ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಎಲ್ಲವೂ ಗುಂಪಾಗಿ ಬರುವುದು ಆ ಮೊದಲ ವಾರಗಳಲ್ಲೇ.

ಇನ್ನೊಂದು ಕಡೆಯಿಂದಲೂ ನೋಡಿ. ಡೆನ್ಮಾರ್ಕಿನಲ್ಲಿ 2013ರಲ್ಲಿ ಶುರುವಾದ ‘ಗ್ಲಾಡ್’ ಎಂಬ ಕಾರ್ಯಕ್ರಮ ಇಂಥದೇ ವ್ಯಾಯಾಮಗಳನ್ನು ಆರು ವಾರದಲ್ಲಿ ಹನ್ನೆರಡು ತರಗತಿಗಳಾಗಿ ಕಲಿಸುತ್ತದೆ. ಅದು ರೂಪುಗೊಂಡಿದ್ದು ಆಪರೇಷನ್ನಿಗೆ ತಯಾರಿ ಎಂದಲ್ಲ, ಮಂಡಿ ಮತ್ತು ಸೊಂಟದ ಸವೆತಕ್ಕೆ ಚಿಕಿತ್ಸೆ ಎಂದೇ. ಆರು ವಾರ ಮುಗಿಯುವ ಹೊತ್ತಿಗೆ ನೋವು ಕಡಿಮೆಯಾಗಿ, ‘ಇನ್ನೂ ಸ್ವಲ್ಪ ದಿನ ಮುಂದೂಡಬಹುದೇ’ ಎಂದು ಡಾಕ್ಟರನ್ನು ಕೇಳುವವರೂ ಇದ್ದಾರೆ. ಕೇಳಬೇಕಾದ ಪ್ರಶ್ನೆಯೇ ಅದು.

ಶುರು ಮಾಡುವ ಮುನ್ನ

ಆಪರೇಷನ್ ಮಾಡುವ ಡಾಕ್ಟರಿಗೆ ‘ಈ ವ್ಯಾಯಾಮ ಮಾಡುತ್ತೇವೆ’ ಎಂದು ಹೇಳಿ ಒಪ್ಪಿಗೆ ಪಡೆಯಿರಿ. ಬಿಪಿಟಿ (ಫಿಸಿಯೋಥೆರಪಿಯ ಪದವಿ) ಓದಿದ ಫಿಸಿಯೋ ಒಬ್ಬರ ಬಳಿ ಒಂದೆರಡು ಸಲವಾದರೂ ಹೋಗಿ ಭಂಗಿ ಸರಿಪಡಿಸಿಕೊಳ್ಳಿ. ಹೃದಯದ ತೊಂದರೆ ಇದ್ದವರು, ಇತ್ತೀಚೆಗೆ ಸ್ಟೆಂಟ್ ಹಾಕಿಸಿಕೊಂಡವರು ಹೃದಯದ ಡಾಕ್ಟರ ಮಾತು ಕೇಳದೆ ಶುರು ಮಾಡಬೇಡಿ. ಕೂತಿದ್ದಾಗಲೇ ಬಿಪಿ 180/110 ದಾಟಿದ್ದರೆ ಆ ದಿನ ವ್ಯಾಯಾಮ ಬಿಟ್ಟು ಡಾಕ್ಟರಿಗೆ ತಿಳಿಸಿ. ಇನ್ಸುಲಿನ್ ತೆಗೆದುಕೊಳ್ಳುವವರು ಸಕ್ಕರೆ 100ಕ್ಕಿಂತ ಕಡಿಮೆ ತೋರಿಸಿದರೆ ಮೊದಲು ಏನಾದರೂ ತಿನ್ನಬೇಕು.

ಮೀನಖಂಡ ಒಂದೇ ಕಡೆ ದಿಢೀರ್ ಊದಿ ಬಿಸಿಯಾಗಿ ನೋಯುವುದು, ಎದೆನೋವು, ಇದ್ದಕ್ಕಿದ್ದಂತೆ ಉಬ್ಬಸ, ಜ್ವರದ ಜೊತೆ ಮಂಡಿ ಕೆಂಪಾಗಿ ಕಾವೇರುವುದು. ಇವು ವ್ಯಾಯಾಮದ ನೋವಲ್ಲ. ಅದೇ ದಿನ ಆಸ್ಪತ್ರೆಗೆ ಹೋಗಬೇಕಾದ ಲಕ್ಷಣಗಳು.

ಮೊದಲ ದಿನ: ಅಳೆದು ಬರೆದಿಡಿ

ಅಳತೆ ಇಲ್ಲದೆ ಶುರು ಮಾಡಿದರೆ ಮೂರನೇ ವಾರಕ್ಕೆ ‘ಏನೂ ಪ್ರಯೋಜನ ಇಲ್ಲ’ ಎಂದು ಬಿಡುವವರೇ ಹೆಚ್ಚು. ಕ್ಯಾಲೆಂಡರಿನ ಹಿಂಬದಿಯಲ್ಲೇ ಬರೆಯಿರಿ.

1. ಕುರ್ಚಿ ಪರೀಕ್ಷೆ. 17 ಇಂಚು ಎತ್ತರದ, ಗೋಡೆಗೆ ಒರಗಿಸಿದ ಗಟ್ಟಿ ಕುರ್ಚಿ. ಕೈ ಎದೆಯ ಮೇಲೆ ಅಡ್ಡ. 30 ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ಕೂರುತ್ತೀರಿ? 65ರಿಂದ 69ರ ವಯಸ್ಸಿನ ಆರೋಗ್ಯವಂತ ಹೆಂಗಸರಲ್ಲಿ 11ರಿಂದ 16, ಗಂಡಸರಲ್ಲಿ 12ರಿಂದ 18 ಸಾಮಾನ್ಯ. ನಿಮ್ಮದು 4 ಬಂದರೂ ಗಾಬರಿ ಬೇಡ, ಅದು ಆರಂಭದ ಅಂಕಿ ಅಷ್ಟೇ. ಕೈ ಊರದೆ ಏಳಲು ಆಗದಿದ್ದರೆ ಸೊನ್ನೆ ಎಂದು ಬರೆಯಿರಿ.

2. ಎದ್ದು ನಡೆದು ಬರುವ ಪರೀಕ್ಷೆ. ಕುರ್ಚಿಯಿಂದ ಎದ್ದು, 3 ಮೀಟರ್ ನಡೆದು, ತಿರುಗಿ ಬಂದು ಕೂರಲು ಎಷ್ಟು ಸೆಕೆಂಡ್? 12 ಅಥವಾ ಹೆಚ್ಚಾದರೆ ಬೀಳುವ ಅಪಾಯ ಇದೆ ಎಂದೇ ಲೆಕ್ಕ. ಅಂಥವರು ಕೆಳಗಿನ ನಿಂತು ಮಾಡುವ ವ್ಯಾಯಾಮಗಳನ್ನೆಲ್ಲ ಇನ್ನೊಬ್ಬರು ಪಕ್ಕದಲ್ಲಿದ್ದಾಗ ಮಾತ್ರ ಮಾಡಬೇಕು.

3. ಎಷ್ಟು ನೇರ? ಮಂಚದ ಮೇಲೆ ಕಾಲು ಚಾಚಿ ಕೂತು ಮಂಡಿಯನ್ನು ಒತ್ತಿ. ಮಂಡಿಯ ಹಿಂಭಾಗಕ್ಕೂ ಹಾಸಿಗೆಗೂ ನಡುವೆ ಎಷ್ಟು ಬೆರಳು ತೂರುತ್ತವೆ? ಇನ್ನೊಂದು ಕಾಲಿನೊಂದಿಗೆ ಹೋಲಿಸಿ. ಮೆತ್ತನೆ ಹಾಸಿಗೆಯಲ್ಲಿ ಅಳತೆ ಸುಳ್ಳು ಹೇಳುತ್ತದೆ, ಗಟ್ಟಿ ಮಂಚ ಅಥವಾ ದಿವಾನ ಇರಲಿ.

4. ಎಷ್ಟು ಮಡಚುತ್ತದೆ? ಅಂಗಾತ ಮಲಗಿ ಹಿಮ್ಮಡಿಯನ್ನು ಪೃಷ್ಠದ ಕಡೆಗೆ ಎಳೆದುಕೊಳ್ಳಿ. ಹಿಮ್ಮಡಿಗೂ ಪೃಷ್ಠಕ್ಕೂ ಇರುವ ದೂರವನ್ನು ಟೇಪಿನಲ್ಲಿ ಅಳೆಯಿರಿ. ಸಮತಟ್ಟು ನೆಲದ ನಡಿಗೆಗೆ ಮಂಡಿ ಸುಮಾರು 60ರಿಂದ 65 ಡಿಗ್ರಿ ಮಡಚಿದರೆ ಸಾಕು. ಮೆಟ್ಟಿಲಿಗೆ, ಕುರ್ಚಿಯಿಂದ ಏಳುವುದಕ್ಕೆ 90ರ ಆಸುಪಾಸು ಬೇಕು. ಆಪರೇಷನ್ ನಂತರ ಮಂಡಿ ಎಷ್ಟು ಮಡಚುತ್ತದೆ ಎಂಬುದನ್ನು ಬಹುಪಾಲು ತೀರ್ಮಾನಿಸುವುದು ಮೊದಲು ಎಷ್ಟು ಮಡಚುತ್ತಿತ್ತು ಎಂಬುದೇ.

ಪ್ರತಿ ಭಾನುವಾರ ಇದೇ ಹೊತ್ತಿಗೆ, ಇದೇ ಕುರ್ಚಿಯಲ್ಲಿ ಮತ್ತೆ ಅಳೆಯಿರಿ.

ನೋವಿಗೆ ಒಂದು ಅಳತೆಗೋಲು

‘ನೋವಾದರೆ ನಿಲ್ಲಿಸಿ’ ಎಂಬ ಸಲಹೆ ಸವೆದ ಮಂಡಿಗೆ ಕೆಲಸಕ್ಕೆ ಬಾರದು, ಏನು ಮಾಡಿದರೂ ಸ್ವಲ್ಪ ನೋಯುವ ಮಂಡಿ ಅದು. 0 ಅಂದರೆ ನೋವೇ ಇಲ್ಲ, 10 ಅಂದರೆ ತಡೆಯಲಾರದ್ದು ಎಂದಿಟ್ಟುಕೊಳ್ಳಿ. ವ್ಯಾಯಾಮದ ವೇಳೆ 2ರವರೆಗೆ ನಿಶ್ಚಿಂತೆ, 5ರವರೆಗೆ ಪರವಾಗಿಲ್ಲ. 5 ದಾಟಿದರೆ ಕಮ್ಮಿ ಮಾಡಿ. ಇನ್ನೊಂದು ಷರತ್ತು: ಹೆಚ್ಚಿದ ನೋವು 24 ಗಂಟೆಯೊಳಗೆ ಮೊದಲಿನ ಮಟ್ಟಕ್ಕೆ ಇಳಿಯಬೇಕು. ಮಾರನೇ ಬೆಳಗ್ಗೆ ಮಂಡಿ ಇನ್ನೂ ಊದಿದ್ದರೆ ನಿನ್ನೆ ಜಾಸ್ತಿಯಾಗಿದೆ ಎಂದರ್ಥ. ಆಗ ಪೂರ್ತಿ ಬಿಡಬೇಡಿ. ಸುತ್ತುಗಳನ್ನು ಅರ್ಧಕ್ಕಿಳಿಸಿ, ಬಟ್ಟೆ ಸುತ್ತಿದ ಐಸನ್ನು 15 ನಿಮಿಷ ಇಡಿ.

ತೊಡೆಯ ಮಾಂಸ ಹಿಡಿದಂತೆ ನೋಯುವುದು ಬೇರೆ, ಅದು ಸ್ನಾಯು ಕೆಲಸ ಮಾಡಿದ ಗುರುತು. ಎರಡು ದಿನದಲ್ಲಿ ಹೋಗುತ್ತದೆ.

ವ್ಯಾಯಾಮಗಳು

*ಮಂಡಿ ಒತ್ತುವುದು.* ನೋಡಲು ಏನೂ ಅಲ್ಲದಂತೆ ಕಾಣುವ, ಆದರೆ ಇಡೀ ಪಟ್ಟಿಯಲ್ಲಿ ಬಿಡಲೇಬಾರದ ವ್ಯಾಯಾಮ ಇದು. ಆಪರೇಷನ್ ಆದ ದಿನವೇ ಹಾಸಿಗೆಯಲ್ಲಿ ಮಾಡಿಸುವುದೂ ಇದನ್ನೇ. ಕಾಲು ಚಾಚಿ ಕೂತು, ಹಿಂದಕ್ಕೆ ಕೈ ಊರಿಕೊಳ್ಳಿ. ಮಂಡಿಯ ಕೆಳಗೆ ಕೈಬೆರಳು ಗಾತ್ರಕ್ಕೆ ಮಡಿಸಿದ ಟವೆಲ್ ಇಡಿ. ಪಾದದ ಬೆರಳುಗಳನ್ನು ನಿಮ್ಮತ್ತ ಎಳೆದುಕೊಂಡು, ಟವೆಲನ್ನು ಹಿಸುಕುವಂತೆ ಮಂಡಿಯನ್ನು ಕೆಳಗೆ ಒತ್ತಿ 5 ಸೆಕೆಂಡ್ ಹಿಡಿಯಿರಿ, ಬಿಡಿ. 10 ಸಲಕ್ಕೆ ಒಂದು ಸುತ್ತು, ದಿನಕ್ಕೆ 3 ಸುತ್ತು.

ಸರಿಯಾಗಿ ಆಗುತ್ತಿದೆಯೇ ಎಂದು ಬೆರಳಿನಿಂದಲೇ ಗೊತ್ತಾಗುತ್ತದೆ. ಮಂಡಿಚಿಪ್ಪಿನಿಂದ ಸ್ವಲ್ಪ ಮೇಲೆ, ಒಳಬದಿಯಲ್ಲಿ, ನೀರಿನ ಹನಿಯ ಆಕಾರದ ಮಾಂಸದ ಉಬ್ಬಿದೆ. ಎರಡು ಬೆರಳು ಅಲ್ಲಿಡಿ. ಒತ್ತಿದಾಗ ಅದು ಹಸಿ ಹಿಟ್ಟಿನಂತಿದ್ದದ್ದು ಗಟ್ಟಿ ಚೆಂಡಿನಂತಾಗಬೇಕು, ಚಿಪ್ಪು ತೊಡೆಯ ಕಡೆಗೆ ಅರ್ಧ ಇಂಚು ಸರಿಯಬೇಕು. ಉಬ್ಬು ಮೆತ್ತಗೇ ಇದ್ದು ಪೃಷ್ಠ ಮೇಲೇಳುತ್ತಿದ್ದರೆ, ಕೆಲಸವನ್ನು ಸೊಂಟ ಕದಿಯುತ್ತಿದೆ. ಮೊದಲು ಒಳ್ಳೆಯ ಕಾಲಿನಲ್ಲಿ ಒತ್ತಿ ನೋಡಿ, ಆ ಬಿಗಿತ ಹೇಗಿರುತ್ತದೆ ಎಂದು ಕೈಗೆ ಪರಿಚಯವಾಗಲಿ, ಆಮೇಲೆ ನೋವಿನ ಕಾಲು. ಉಸಿರು ಕಟ್ಟುವುದು ಬಹುತೇಕ ಎಲ್ಲರೂ ಮಾಡುವ ತಪ್ಪು. ‘ಒಂದು, ಎರಡು’ ಎಂದು ಜೋರಾಗಿ ಎಣಿಸಿದರೆ ಉಸಿರು ತಾನಾಗಿ ಹೋಗುತ್ತಿರುತ್ತದೆ.

*ಹಿಮ್ಮಡಿ ಎತ್ತರದಲ್ಲಿಟ್ಟು ಮಂಡಿ ಇಳಿಬಿಡುವುದು.* ಅಂಗಾತ ಮಲಗಿ ಹಿಮ್ಮಡಿಯ ಕೆಳಗೆ ಮಾತ್ರ ದಪ್ಪ ಟವೆಲ್ ಸುರುಳಿ ಇಡಿ, ಮಂಡಿಯ ಕೆಳಗೆ ಖಾಲಿ ಇರಲಿ. ಹಾಗೇ 10 ನಿಮಿಷ, ದಿನಕ್ಕೆ ಎರಡು ಮೂರು ಸಲ. ಮಂಡಿಯ ಹಿಂಬದಿ ಎಳೆದಂತಾಗುತ್ತದೆ, ಅದೇ ಬೇಕಾದ್ದು. ಪೂರ್ತಿ ನೇರವಾಗದ ಮಂಡಿಯಲ್ಲಿ ನಿಂತರೆ ತೊಡೆಯ ಸ್ನಾಯುವಿಗೆ ವಿಶ್ರಾಂತಿಯೇ ಸಿಗುವುದಿಲ್ಲ, ನಿಂತಷ್ಟೂ ಹೊತ್ತು ಅರ್ಧ ಕುಕ್ಕರಗಾಲಿನಲ್ಲಿ ಕೂತ ಹಾಗೆ.

ಇದಕ್ಕೆ ನೇರ ವಿರುದ್ಧವಾದ ಅಭ್ಯಾಸ ಮನೆಮನೆಯಲ್ಲಿದೆ, ರಾತ್ರಿ ಮಂಡಿಯ ಕೆಳಗೆ ದಿಂಬು. ಹಾಯೆನಿಸುತ್ತದೆ ನಿಜ. ಆದರೆ ದಿನಕ್ಕೆ ಎಂಟು ಗಂಟೆ ಮಡಚಿಟ್ಟ ಮಂಡಿ ಮಡಚಿದಲ್ಲೇ ಬಿಗಿಯುತ್ತದೆ. ಆಪರೇಷನ್ ಆದ ಮೇಲಂತೂ ಆ ದಿಂಬು ಕಡ್ಡಾಯವಾಗಿ ಬೇಡ.

*ನೇರ ಕಾಲು ಎತ್ತುವುದು.* ಅಂಗಾತ ಮಲಗಿ ಒಂದು ಕಾಲು ಮಡಚಿ, ಇನ್ನೊಂದನ್ನು ಮೊದಲು ಬಿಗಿ ಮಾಡಿ, ಆಮೇಲೆ ಒಂದಡಿ ಎತ್ತರಕ್ಕೆ ಎತ್ತಿ 3 ಸೆಕೆಂಡ್ ಹಿಡಿದು ನಿಧಾನ ಇಳಿಸಿ. ಎತ್ತುವಾಗ ಮಂಡಿ ಸ್ವಲ್ಪವೂ ಬಾಗಬಾರದು. ಬಾಗಿದರೆ ಇನ್ನೂ ಹೊತ್ತಾಗಿಲ್ಲ ಎಂದರ್ಥ, ಒಂದು ವಾರ ಮಂಡಿ ಒತ್ತುವುದಕ್ಕೇ ಹಿಂತಿರುಗಿ. 10ರಂತೆ 3 ಸುತ್ತು ಸಲೀಸಾದ ಮೇಲೆ ಪಾದದ ಗಂಟಿನ ಮೇಲೆ ಅರ್ಧ ಕೆಜಿ. ಜಿಮ್ಮಿನ ಭಾರ ಕೊಳ್ಳಬೇಕಿಲ್ಲ. ಉಪ್ಪಿನ ಪ್ಯಾಕೆಟ್ಟನ್ನು ಟವೆಲಿನಲ್ಲಿ ಸುತ್ತಿ ಕಟ್ಟಿದರೆ ಸರಿಯಾಗಿ ಒಂದು ಕೆಜಿ, ಅರ್ಧ ಕೆಜಿಗೆ ಬೇಳೆ ಪೊಟ್ಟಣ. ಬೆನ್ನುನೋವು ಇದ್ದವರು ಇದನ್ನು ಫಿಸಿಯೋ ಮುಂದೆ ಮಾಡಿ ನೋಡಿದ ಮೇಲೇ ಮುಂದುವರಿಸಿ.

*ಹಿಮ್ಮಡಿ ಜಾರಿಸುವುದು.* ಕಾಲಿಗೆ ಸಾಕ್ಸ್ ಹಾಕಿ ಅಥವಾ ಹಿಮ್ಮಡಿಯ ಕೆಳಗೆ ಪ್ಲಾಸ್ಟಿಕ್ ಕವರ್ ಇಟ್ಟು ಹಿಂದಕ್ಕೆಳೆಯಿರಿ. ಇನ್ನು ಆಗದು ಎನ್ನುವಲ್ಲಿ, ಪಾದಕ್ಕೆ ಹಾಕಿದ ಹಳೆಯ ಪಂಚೆ ಅಥವಾ ದುಪಟ್ಟಾ ಹಿಡಿದು ಇನ್ನೊಂದಿಂಚು ಎಳೆದು 5 ಸೆಕೆಂಡ್ ನಿಲ್ಲಿಸಿ. 15 ಸಲ, ದಿನಕ್ಕೆ ಎರಡು ಬಾರಿ. ಯಾರಾದರೂ ಕಾಲು ಹಿಡಿದು ಬಲವಂತವಾಗಿ ಮಡಚುವುದು ಬೇಡ.

*ಕುರ್ಚಿಯಿಂದ ಏಳುವುದು.* ಬಲ ನಿಜವಾಗಿ ಕೂಡುವುದು ಇಲ್ಲಿ. ಕುರ್ಚಿ ಗೋಡೆಗೆ ತಾಗಿರಲಿ. ಮುಂದಕ್ಕೆ ಸರಿದು ಕೂರಿ, ಪಾದಗಳು ಮಂಡಿಯ ನೇರಕ್ಕಿಂತ ಸ್ವಲ್ಪ ಹಿಂದೆ, ನಡುವೆ ಒಂದು ಗೇಣಿಗಿಂತ ಹೆಚ್ಚು ಅಂತರ. ಮೂಗು ಕಾಲ್ಬೆರಳ ಮೇಲೆ ಬರುವಷ್ಟು ಮುಂದೆ ಬಾಗಿ ಏಳಿ. ಕೂರುವಾಗ ಮನಸ್ಸಿನಲ್ಲಿ ಮೂರು ಎಣಿಸುತ್ತ ಇಳಿಯಿರಿ. ಧಪ್ಪನೆ ಬೀಳುವವರಿಗೆ ಅರ್ಧ ಲಾಭ ಅಲ್ಲೇ ಹೋಯಿತು, ಏಕೆಂದರೆ ಮೆಟ್ಟಿಲು ಇಳಿಯುವಾಗ ಬೇಕಾಗುವ ಬಲ ಈ ನಿಧಾನದ ಇಳಿತದಲ್ಲೇ ಬೆಳೆಯುವುದು.

ನೋವು ಹೆಚ್ಚಿದ್ದರೆ ಕುರ್ಚಿಯ ಮೇಲೆ ಎರಡು ಗಟ್ಟಿ ಕುಷನ್ ಹಾಕಿ ಎತ್ತರ ಮಾಡಿ. ವಾರಕ್ಕೊಂದು ಕುಷನ್ ತೆಗೆಯಿರಿ. 8 ಸಲದಂತೆ 3 ಸುತ್ತು, ನಡುವೆ ಒಂದೊಂದು ನಿಮಿಷ ವಿರಾಮ. ಎದುರಿಗೆ ಕನ್ನಡಿ ಇರಲಿ. ಮಂಡಿಗಳು ಒಂದಕ್ಕೊಂದು ತಾಗುವಂತೆ ಒಳಗೆ ಕುಸಿಯುತ್ತವೆಯೇ, ಮೈಭಾರವೆಲ್ಲ ಒಳ್ಳೆಯ ಕಾಲಿಗೆ ವಾಲುತ್ತದೆಯೇ ನೋಡಿಕೊಳ್ಳಿ. ವಾಲುತ್ತಿದ್ದರೆ ಒಳ್ಳೆಯ ಪಾದವನ್ನು ಎರಡಿಂಚು ಮುಂದಿಡಿ, ನೋವಿನ ಕಾಲು ಕೆಲಸ ಮಾಡಲೇಬೇಕಾಗುತ್ತದೆ.

*ಸೊಂಟದ ಸುತ್ತಿನವು.* ಅಂಗಾತ ಮಲಗಿ ಮಂಡಿ ಮಡಚಿ ಪೃಷ್ಠ ಎತ್ತುವುದು, ಪಕ್ಕಕ್ಕೆ ಮಲಗಿ ಮೇಲಿನ ಕಾಲನ್ನು ಒಂದಡಿ ಎತ್ತುವುದು. ತಲಾ 10ರಂತೆ 2 ಸುತ್ತು. ಪಕ್ಕಕ್ಕೆ ಎತ್ತುವಾಗ ಪಾದದ ಬೆರಳು ಮೇಲಕ್ಕೆ ತಿರುಗಿದರೆ ಬೇರೆ ಸ್ನಾಯು ಕೆಲಸ ಮಾಡುತ್ತದೆ, ಬೆರಳು ಮುಂದಕ್ಕೇ ನೋಡುತ್ತಿರಲಿ.

*ಮೆಟ್ಟಿಲು.* ಮೂರನೇ ವಾರದಿಂದ, 4 ಇಂಚಿನ ಮಣೆ ಅಥವಾ ಕಟ್ಟೆಯ ತಗ್ಗು ಮೆಟ್ಟಿಲು, ಕೈಗೆ ಕಂಬಿ. ನೋವಿನ ಕಾಲನ್ನು ಮೇಲಿಟ್ಟು ಹತ್ತಿ, ಅದೇ ಕಾಲಿನ ಬಲದಲ್ಲಿ ನಿಧಾನ ಇಳಿಯಿರಿ. 8ರಂತೆ 2 ಸುತ್ತು. ಅಲುಗಾಡುವ ಮಣೆ ಬೇಡ.

*ತೋಳು.* ಇದನ್ನು ಬಹಳ ಜನ ಮರೆಯುತ್ತಾರೆ. ಮೊದಲ ಎರಡು ಮೂರು ವಾರ ಮೈಭಾರದ ಪಾಲು ವಾಕರ್ ಹಿಡಿದ ಕೈಗಳ ಮೇಲೆ ಬೀಳುತ್ತದೆ. ಕೈಯಿರುವ ಕುರ್ಚಿಯಲ್ಲಿ ಕೂತು, ಕೈಗಳನ್ನು ಒತ್ತಿ ಪೃಷ್ಠವನ್ನು ಒಂದೆರಡು ಇಂಚು ಎತ್ತಿ ಇಳಿಸಿ, 8ರಂತೆ 2 ಸುತ್ತು. ಎರಡೂ ಮಂಡಿಗಳನ್ನು ಒಟ್ಟಿಗೇ ಮಾಡಿಸುವವರಿಗೆ ಇದು ಇನ್ನೂ ಮುಖ್ಯ, ಅವರಿಗೆ ‘ಒಳ್ಳೆಯ ಕಾಲು’ ಎಂಬುದೇ ಇರುವುದಿಲ್ಲವಲ್ಲ.

*ಸಮತೋಲ.* ಅಡುಗೆಮನೆ ಕಟ್ಟೆ ಹಿಡಿದು ಒಂಟಿ ಕಾಲಿನಲ್ಲಿ 10 ಸೆಕೆಂಡ್, ಎರಡೂ ಕಡೆ, ಐದೈದು ಸಲ. ಒಗ್ಗರಣೆ ಹಾಕುತ್ತ ಮಾಡಬೇಡಿ.

*ಉಸಿರು.* ಮೂಗಿನಿಂದ ಆಳವಾಗಿ ಎಳೆದು 3 ಸೆಕೆಂಡ್ ಹಿಡಿದು ಬಾಯಿಂದ ನಿಧಾನ ಬಿಡುವುದು, 10 ಸಲ, ದಿನಕ್ಕೆ ಮೂರು ಹೊತ್ತು. ಮೂರು ಚೆಂಡಿನ ಸ್ಪೈರೋಮೀಟರ್ (ಉಸಿರಿನ ವ್ಯಾಯಾಮದ ಪುಟ್ಟ ಉಪಕರಣ) ಕೊಂಡಿದ್ದರೆ ನೆನಪಿಡಿ, ಅದನ್ನು ಎಳೆಯಬೇಕು, ಊದಬಾರದು. ಬೀಡಿ ಸಿಗರೇಟು ಸೇದುವವರಿಗೆ, ಉಬ್ಬಸ ಇದ್ದವರಿಗೆ ಇದರ ಬೆಲೆ ಹೆಚ್ಚು. ಹೊಟ್ಟೆಯ ಮೇಲ್ಭಾಗದ ದೊಡ್ಡ ಆಪರೇಷನ್ನುಗಳಿಗೆ ಮುನ್ನ ಫಿಸಿಯೋ ಒಮ್ಮೆ ಅರ್ಧ ಗಂಟೆ ಕೂತು ಉಸಿರಿನ ವ್ಯಾಯಾಮ ಕಲಿಸಿದ್ದಷ್ಟಕ್ಕೇ ಶ್ವಾಸಕೋಶದ ತೊಡಕುಗಳು ಅರ್ಧದಷ್ಟು ಇಳಿದದ್ದನ್ನು ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್ ಆಸ್ಪತ್ರೆಗಳ ಅಧ್ಯಯನವೊಂದು 2018ರಲ್ಲಿ ತೋರಿಸಿದೆ.

ವಾರದ ಲೆಕ್ಕ

ಮಂಡಿ ಒತ್ತುವುದು, ಹಿಮ್ಮಡಿ ಎತ್ತರ, ಹಿಮ್ಮಡಿ ಜಾರಿಸುವುದು, ಉಸಿರು ದಿನವೂ. ಕುರ್ಚಿ, ಕಾಲು ಎತ್ತುವುದು, ಸೊಂಟ, ಮೆಟ್ಟಿಲು, ತೋಳು ದಿನ ಬಿಟ್ಟು ದಿನ, ವಾರಕ್ಕೆ ಮೂರು ಸಲ. ಸ್ನಾಯು ಬೆಳೆಯುವುದು ಬಿಡುವಿನ ದಿನದಲ್ಲಿ. ಉತ್ಸಾಹದಲ್ಲಿ ಏಳೂ ದಿನ ಮಾಡಿದರೆ ಎರಡನೇ ವಾರಕ್ಕೆ ಮಂಡಿ ಊದಿಕೊಂಡು ಎಲ್ಲವೂ ನಿಲ್ಲುತ್ತದೆ.

ಮೊದಲ ಎರಡು ವಾರ ಭಂಗಿ ಕಲಿಯುವುದಕ್ಕೆ. ಆ ದಿನಗಳಲ್ಲೇ ಬಲ ಏರಿದಂತೆ ಅನಿಸುತ್ತದೆ, ಸ್ನಾಯು ದಪ್ಪವಾಗಿಲ್ಲ, ನರಗಳು ಅದನ್ನು ಎಬ್ಬಿಸಲು ಕಲಿತಿವೆ. ಮೂರರಿಂದ ಐದನೇ ವಾರ ಭಾರ ಏರಿಸುವ ಕಾಲ. 12 ಸಲದಂತೆ ಮೂರು ಸುತ್ತು ಸುಲಭವಾಯಿತೆಂದರೆ ಅರ್ಧ ಕೆಜಿ ಏರಿಸಿ ಅಥವಾ ಒಂದು ಕುಷನ್ ಇಳಿಸಿ. ಕೊನೆಯ ಎರಡು ಎಣಿಕೆಗಳು ಕಷ್ಟವೆನಿಸಬೇಕು. ಅನಿಸದಿದ್ದರೆ ಅದು ವ್ಯಾಯಾಮವಲ್ಲ, ಕಾಲಹರಣ. ಆರನೇ ವಾರದ ಮಾತು ಕೆಳಗಿದೆ.

ವ್ಯಾಯಾಮ ಎರಡೂ ಕಾಲಿಗೆ. ಆಪರೇಷನ್ ಆದ ಮೇಲೆ ಮೈ ಹೊರುವುದು ಇನ್ನೊಂದು ಕಾಲೇ, ಹೆಚ್ಚಿನವರಲ್ಲಿ ಅದೂ ಸವೆದಿರುತ್ತದೆ.

ಎಲ್ಲಿ ಕೆಡುತ್ತದೆ

ಎಲ್ಲಕ್ಕಿಂತ ಸಾಮಾನ್ಯವಾದ ತಪ್ಪು, ವಾಕಿಂಗನ್ನೇ ವ್ಯಾಯಾಮ ಎಂದುಕೊಳ್ಳುವುದು. ನೋವಿನ ಮಂಡಿಯಲ್ಲಿ ಕುಂಟುತ್ತ ಮೂರು ಕಿಲೋಮೀಟರ್ ನಡೆದರೆ ಊತ ಬರುತ್ತದೆಯೇ ಹೊರತು ಕ್ವಾಡ್ರಿಸೆಪ್ಸ್ ಬೆಳೆಯುವುದಿಲ್ಲ. ಉಸಿರಾಟದ ಕಸುವಿಗೆ ಮುಂದೆ ಹೋಗದೆ ಇದ್ದಲ್ಲೇ ಇರುವ ವ್ಯಾಯಾಮದ ಸೈಕಲ್ ಮೇಲು, ಸೀಟು ಎತ್ತರಿಸಿ, 10 ನಿಮಿಷದಿಂದ ಶುರು ಮಾಡಿ.

ಎರಡನೆಯದು ಯಂತ್ರದ ಮೋಹ. ನೋವಿಗೆಂದು ಕೊಡುವ ಕರೆಂಟ್, ಅಲ್ಟ್ರಾಸೌಂಡ್, ಮೇಣದ ಕಾವು ಒಂದಷ್ಟು ಹೊತ್ತು ಹಿತ ಕೊಡಬಹುದು, ಬಲ ಕೊಡುವುದಿಲ್ಲ. ಹತ್ತು ದಿನ ಹೋದರೂ ಒಮ್ಮೆಯೂ ಕುರ್ಚಿಯಿಂದ ಎಬ್ಬಿಸದ, ಬರೀ ಮಲಗಿಸಿ ಪ್ಯಾಡ್ ಹಚ್ಚಿ ಕಳಿಸುವ ಕ್ಲಿನಿಕ್ಕಾದರೆ ಬದಲಾಯಿಸಿ.

ಮೂರನೆಯದು ಚರ್ಮ. ಆಪರೇಷನ್ ಮುಂದಕ್ಕೆ ಹೋಗುವುದು ಎಷ್ಟೋ ಸಲ ಇದೇ ಕಾರಣಕ್ಕೆ. ಮಂಡಿಗೆ ಸೊಪ್ಪು ಅರೆದು ಕಟ್ಟಿ ಬೊಬ್ಬೆ ಬರಿಸಿಕೊಳ್ಳುವುದು, ಬರೆ ಹಾಕಿಸುವುದು, ಬಿಸಿನೀರಿನ ಬ್ಯಾಗಿನಲ್ಲಿ ಸುಟ್ಟುಕೊಳ್ಳುವುದು, ಒಡೆದ ಹಿಮ್ಮಡಿ, ಬೆರಳ ಸಂದಿನ ಕೆಸರುಹುಣ್ಣು. ಇವೆಲ್ಲ ಸೋಂಕಿಗೆ ಬಾಗಿಲು. ಒಳಗೆ ಕೂರಿಸಿದ ಲೋಹಕ್ಕೆ ಸೋಂಕು ತಗುಲಿದರೆ ಮತ್ತೆ ತೆರೆದು ತೆಗೆಯಬೇಕಾಗಿ ಬರಬಹುದು. ಹೊಲದ ಕೆಲಸದವರು ಈ ಆರು ವಾರ ಬರಿಗಾಲಲ್ಲಿ ಇಳಿಯದಿರುವುದು ಲೇಸು. ಹಲ್ಲಿನ ಹುಳುಕು, ಮೂತ್ರದ ಉರಿ ಇದ್ದರೆ ಈಗಲೇ ತೋರಿಸಿ.

ನಾಲ್ಕನೆಯದು, ‘ಅಲ್ಲಿವರೆಗೆ ನೋವು ತಡೆಯಲು’ ಎಂದು ಮಂಡಿಗೆ ಸ್ಟೀರಾಯ್ಡ್ ಚುಚ್ಚುಮದ್ದು. ಆಪರೇಷನ್ನಿಗೆ ಮುಂಚಿನ ಮೂರು ತಿಂಗಳಲ್ಲಿ ಇದನ್ನು ತೆಗೆದುಕೊಂಡರೆ ಸೋಂಕಿನ ಅಪಾಯ ಹೆಚ್ಚುತ್ತದೆ. ತೆಗೆದುಕೊಂಡಾಗಿದ್ದರೆ ಸರ್ಜನ್‌ಗೆ ತಾರೀಖು ಸಮೇತ ಹೇಳಿ.

ತಟ್ಟೆ, ಸಕ್ಕರೆ, ತೂಕ

ವ್ಯಾಯಾಮ ಮಾಡಿ ಪ್ರೋಟೀನ್ ತಿನ್ನದಿದ್ದರೆ ಇಟ್ಟಿಗೆ ಇಲ್ಲದೆ ಗಾರೆಯವನನ್ನು ಕರೆಸಿದ ಹಾಗೆ. ಕಿಡ್ನಿ ತೊಂದರೆ ಇಲ್ಲದ ಹಿರಿಯರಿಗೆ ಈ ಅವಧಿಯಲ್ಲಿ ಮೈತೂಕದ ಕೆಜಿಗೆ 1.2 ಗ್ರಾಂ ಗುರಿ, ಅಂದರೆ 65 ಕೆಜಿಯವರಿಗೆ ದಿನಕ್ಕೆ 78 ಗ್ರಾಂ. ಎರಡು ಮೊಟ್ಟೆಯಲ್ಲಿ 12, ಎರಡು ಲೋಟ ಹಾಲಿನಲ್ಲಿ 13, ಐವತ್ತು ಗ್ರಾಂ ಒಣ ಹೆಸರುಕಾಳನ್ನು ಮೊಳಕೆ ಕಟ್ಟಿದರೆ 11–12, ಹಿಡಿ ಶೇಂಗಾದಲ್ಲಿ 7, ಮೂವತ್ತು ಗ್ರಾಂ ಸೋಯಾ ಚಂಕ್ಸ್‌ನಲ್ಲಿ 15. ಮುದ್ದೆ, ಅನ್ನ, ಮೊಸರು ಸೇರಿ ಉಳಿದದ್ದು ತುಂಬುತ್ತದೆ. ತಿಳಿಸಾರು ಬೇಳೆಯ ಲೆಕ್ಕಕ್ಕೆ ಬರುವುದಿಲ್ಲ, ಬೇಳೆ ಪಾತ್ರೆಯ ತಳದಲ್ಲೇ ಇರುತ್ತದೆ. ಕಿಡ್ನಿ ತೊಂದರೆ ಇದ್ದವರು ಪ್ರಮಾಣವನ್ನು ಡಾಕ್ಟರಿಂದಲೇ ಕೇಳಿ.

ಮೂರು ತಿಂಗಳ ಸರಾಸರಿ ಸಕ್ಕರೆ ಎಚ್‌ಬಿಎ1ಸಿ 8ರ ಮೇಲಿದ್ದರೆ ಬಹಳ ಸರ್ಜನ್ನರು ಮುಂದೂಡುತ್ತಾರೆ, ಕೆಲವರು 7.5ಕ್ಕೇ ಗೆರೆ ಎಳೆಯುತ್ತಾರೆ. ಹಿಮೋಗ್ಲೋಬಿನ್ ಹೆಂಗಸರಲ್ಲಿ 12, ಗಂಡಸರಲ್ಲಿ 13ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ. ಅದನ್ನು ಆರು ವಾರ ಮೊದಲೇ ಕಂಡುಕೊಂಡರೆ ಮಾತ್ರೆಗೆ ಕೆಲಸ ಮಾಡಲು ಸಮಯ ಸಿಗುತ್ತದೆ. ತಂಬಾಕು ಕಡೇಪಕ್ಷ ನಾಲ್ಕು ವಾರ ಮೊದಲೇ ಬಿಡಬೇಕು. ತೂಕ ಒಂದು ಕೆಜಿ ಇಳಿದರೆ ಪ್ರತಿ ಹೆಜ್ಜೆಗೂ ಮಂಡಿಯ ಮೇಲಿನ ಹೊರೆ ಸುಮಾರು ನಾಲ್ಕು ಕೆಜಿ ಇಳಿಯುತ್ತದೆ. ಹಾಗೆಂದು ಈ ಆರು ವಾರದಲ್ಲಿ ಉಪವಾಸ ಮಾಡಿ ಇಳಿಸಬೇಡಿ, ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ.

ಮನೆ

ನಾಲ್ಕನೇ ವಾರದಲ್ಲಿ ವಾಕರ್ ತಂದು ಮನೆಯೆಲ್ಲ ಒಂದು ಸುತ್ತು ಹಾಕಿ. ತಕ್ಷಣ ಸಿಕ್ಕಿಹಾಕಿಕೊಳ್ಳುವುದು ಹೊಸ್ತಿಲಲ್ಲಿ. ಹಳೆಯ ಮನೆಗಳ ಎತ್ತರದ ಹೊಸ್ತಿಲು ದಾಟಲು ವಾಕರ್‌ನ ನಾಲ್ಕೂ ಕಾಲು ಆಚೆ ಇಡುವಷ್ಟು ಜಾಗ ಬೇಕು. ಎರಡು ಕಾಲು ಒಳಗೆ ಎರಡು ಹೊರಗೆ ಇಟ್ಟು ಭಾರ ಹಾಕಿದರೆ ವಾಕರ್ ಮುಗ್ಗರಿಸುತ್ತದೆ. ದಾಟುವುದೇ ಕಷ್ಟವಾದರೆ ಇಬ್ಬದಿಗೂ ಹಲಗೆಯ ಇಳಿಜಾರು ಮಾಡಿಸಿ, ಇಲ್ಲವೇ ಹೊಸ್ತಿಲಿಲ್ಲದ ಕೋಣೆಗೆ ಮಂಚ ಹಾಕಿ.

ನೆಲದ ಮೇಲೆ ಹಾಸಿಗೆ ಇನ್ನು ನಡೆಯದು. ಮಂಚ, ಕುರ್ಚಿ ಎರಡೂ 18ರಿಂದ 20 ಇಂಚು ಎತ್ತರ ಇರಲಿ, ಕುರ್ಚಿಗೆ ಕೈ ಇರಲಿ. ಹೊಸ ಮಂಡಿಯಲ್ಲಿ ಕುಕ್ಕರಗಾಲು, ಚಕ್ಕಳಮಕ್ಕಳ ಬೇಡವೆಂದೇ ಬಹುತೇಕ ಸರ್ಜನ್ನರು ಹೇಳುವುದರಿಂದ ಭಾರತೀಯ ಶೌಚಾಲಯದ ಮೇಲೆ ಇಡುವ ಕಮೋಡ್ ಸ್ಟೂಲ್ ಬೇಕೇ ಬೇಕು. ಅದನ್ನು ಆಪರೇಷನ್ನಿಗೆ ಮೊದಲೇ ಬಳಸಿ ಅಭ್ಯಾಸ ಮಾಡಿಕೊಳ್ಳಿ. ಬಚ್ಚಲಲ್ಲಿ ಗೋಡೆಗೆ ಹಿಡಿಕೆ, ಕೂತು ಸ್ನಾನ ಮಾಡಲು ಪ್ಲಾಸ್ಟಿಕ್ ಕುರ್ಚಿ, ಜಾರದ ರಬ್ಬರ್ ಮ್ಯಾಟ್. ಬಾಗಿಲ ಮುಂದಿನ ಬಟ್ಟೆಯ ಕಾಲೊರಸು ಎತ್ತಿಬಿಡಿ. ದೇವರ ಮುಂದೆ ನೆಲದಲ್ಲಿ ಕೂರುವ ರೂಢಿ ಇದ್ದವರಿಗೆ ಅಲ್ಲೂ ಒಂದು ಎತ್ತರದ ಸ್ಟೂಲ್.

ಕೊನೆಯ ವಾರ

ಭಾರದ ವ್ಯಾಯಾಮಗಳನ್ನು ಆಪರೇಷನ್ನಿಗೆ ಮೂರು ದಿನ ಇರುವಾಗ ನಿಲ್ಲಿಸಿ, ಸ್ನಾಯು ದಣಿದು ಹೋಗಬಾರದು. ಮಂಡಿ ಒತ್ತುವುದು, ಉಸಿರು ಹಿಂದಿನ ರಾತ್ರಿಯವರೆಗೂ ಇರಲಿ. ಈ ವಾರದ ಕೆಲಸ ರಿಹರ್ಸಲ್.

ವಾಕರ್ ಎತ್ತರ: ನೇರ ನಿಂತು ಕೈ ಇಳಿಬಿಟ್ಟಾಗ ಹಿಡಿಕೆ ಮಣಿಕಟ್ಟಿನ ಗೆರೆಗೆ ಬರಬೇಕು. ಎತ್ತರವಾದರೆ ಭುಜ ಕಿವಿಗೆ ಏರುತ್ತದೆ, ತಗ್ಗಾದರೆ ಬೆನ್ನು ಬಾಗುತ್ತದೆ. ನಡೆಯುವ ಕ್ರಮ: ಮೊದಲು ವಾಕರ್, ಆಮೇಲೆ ಆಪರೇಷನ್ ಕಾಲು, ಕೊನೆಗೆ ಇನ್ನೊಂದು. ಹಿಮ್ಮಡಿ ಮೊದಲು ನೆಲ ಮುಟ್ಟಲಿ. ವಾಕರ್‌ನಿಂದ ಒಂಟಿ ಕೋಲಿಗೆ ಬಂದಾಗ ಕೋಲು ಒಳ್ಳೆಯ ಕಾಲಿನ ಕಡೆಯ ಕೈಯಲ್ಲಿ, ಇದನ್ನು ತಿರುಗಾಮುರುಗಾ ಹಿಡಿಯುವವರು ಬಹಳ.

ಮೆಟ್ಟಿಲಿಗೆ ಒಂದೇ ಸೂತ್ರ: ಹತ್ತುವಾಗ ಒಳ್ಳೆ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು. ಮೇಲೆ ವ್ಯಾಯಾಮದಲ್ಲಿ ಇದಕ್ಕೆ ಉಲ್ಟಾ ಮಾಡಿದ್ದು ಬಲ ಬರಿಸಲು, ಇದು ಬೀಳದೆ ಹೋಗಲು. ಒಂದೊಂದು ಮೆಟ್ಟಿಲಲ್ಲೂ ಎರಡೂ ಪಾದ ಸೇರಿಸಿ.

ಮಂಚದಿಂದ ಇಳಿಯುವುದು: ಮೊಣಕೈ ಊರಿ ಎದ್ದು, ಕಾಲು ಅಂಚಿಗೆ ಜಾರಿಸಿ, ಎರಡು ನಿಮಿಷ ಕೂತು, ತಲೆ ಸುತ್ತದಿದ್ದರೆ ಏಳಿ. ಏಳುವಾಗ ಒಂದು ಕೈ ಮಂಚದ ಮೇಲೆ. ಎರಡೂ ಕೈಯಲ್ಲಿ ವಾಕರ್ ಎಳೆದು ಎದ್ದರೆ ಅದು ನಿಮ್ಮ ಮೇಲೇ ಮಗುಚುತ್ತದೆ. ಪಾದವನ್ನು ಮೇಲಕ್ಕೂ ಕೆಳಕ್ಕೂ ಆಡಿಸುವುದು ಗಂಟೆಗೆ 20 ಸಲ. ರಕ್ತ ಹೆಪ್ಪುಗಟ್ಟದಂತೆ ಮೀನಖಂಡ ಪಂಪಿನ ಹಾಗೆ ಕೆಲಸ ಮಾಡುವುದು ಈ ಅಲ್ಲಾಟದಿಂದ.

ರಕ್ತ ತೆಳುವಾಗಿಸುವ ಮಾತ್ರೆ, ನೋವಿನ ಮಾತ್ರೆ ಯಾವಾಗ ನಿಲ್ಲಿಸಬೇಕು ಎಂಬುದನ್ನು ಡಾಕ್ಟರ್ ಬರೆದುಕೊಟ್ಟಂತೆಯೇ ಮಾಡಿ. ಮಂಡಿಯ ಕೂದಲನ್ನು ಮನೆಯಲ್ಲಿ ಬ್ಲೇಡಿನಿಂದ ತೆಗೆಯಬೇಡಿ. ಬ್ಯಾಗಿಗೆ ಹಿಮ್ಮಡಿಗೆ ಪಟ್ಟಿ ಇರುವ, ಜಾರದ ಚಪ್ಪಲಿ ಹಾಕಿ, ಹವಾಯಿ ಬೇಡ. ಸಡಿಲವಾದ ಪೈಜಾಮ ಅಥವಾ ನೈಟಿ, ಸ್ಪೈರೋಮೀಟರ್, ಮತ್ತು ಕೊನೆಯ ಭಾನುವಾರದ ನಾಲ್ಕು ಅಳತೆಗಳನ್ನು ಬರೆದ ಆ ಕ್ಯಾಲೆಂಡರ್ ಹಾಳೆ. ವಾರ್ಡಿಗೆ ಬರುವ ಫಿಸಿಯೋ ಕೈಗೆ ಮೊದಲು ಕೊಡಬೇಕಾದ್ದು ಅದನ್ನೇ. ಮಂಡಿ ಎಷ್ಟು ಮಡಚುತ್ತಿತ್ತು, ಎಷ್ಟು ನೇರವಾಗುತ್ತಿತ್ತು, ಎಷ್ಟು ಸಲ ಏಳುತ್ತಿದ್ದಿರಿ ಎಂದು ಗೊತ್ತಿದ್ದರೆ ಅವರು ಮಾರನೇ ಬೆಳಗ್ಗೆ ಎಲ್ಲಿಂದ ಶುರು ಮಾಡಬೇಕೆಂದು ಊಹಿಸಬೇಕಾಗಿಲ್ಲ.